ಇಟ್ಟಿಗೆ ಉಳಿಯಬೇಕಾದರೆ ಗಾರೆ ಮೆತ್ತಗಿರಬೇಕು

ಇಂಗ್ಲೆಂಡಿನ ಹಳೆಯ ಇಟ್ಟಿಗೆ ಮನೆಯಲ್ಲಿ ಮುಚ್ಚಿದ ಕಿಟಕಿ ಕಂಡರೆ ಸಾಕು, ‘ಕಿಟಕಿ ತೆರಿಗೆ ತಪ್ಪಿಸೋಕೆ’ ಅಂತ ಯಾರಾದರೂ ಹೇಳಿಯೇ ಬಿಡುತ್ತಾರೆ. ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ಆದರೆ ಮುಚ್ಚಿದ ಕಿಟಕಿಗೆಲ್ಲ ಅದೇ ಕಾರಣ ಅಲ್ಲ. ಹ್ಯಾಂಪ್‌ಶೈರಿನ ಚಾಟನ್ ಹಳ್ಳಿಯಲ್ಲಿ ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1809ರಿಂದ ವಾಸವಿದ್ದ ಮನೆಯನ್ನೇ ನೋಡಿ. 17ನೇ ಶತಮಾನದಲ್ಲಿ ಅದು ರೈತರ ಮನೆ. ನಡುವೆ ಕೆಲಕಾಲ ದಾರಿಹೋಕರು ತಂಗುವ ಇನ್ ಕೂಡ ಆಗಿತ್ತು. ಆಸ್ಟಿನ್ ಕುಟುಂಬಕ್ಕಾಗಿ ರಸ್ತೆ ಕಡೆಯ ದೊಡ್ಡ ಕಿಟಕಿ ಮುಚ್ಚಿಸಿ, ಬೇರೆ ಗೋಡೆಯಲ್ಲಿ ಮರಗಿಡ ಕಾಣುವ ಹಾಗೆ ಇನ್ನೊಂದು ತೆಗೆಸಿದರು. ಮನೆ ರಸ್ತೆಗೇ ಅಂಟಿಕೊಂಡಿದೆ. ಗಾಡಿಯಲ್ಲಿ ಹೋಗುವವರಿಗೆಲ್ಲ ಒಳಗಿನವರು ತಿಂಡಿ ತಿನ್ನುವುದು ಕಾಣುತ್ತಿದ್ದರೆ ಯಾರಿಗೆ ಹಿತ?

ಇಟ್ಟಿಗೆಗೂ ತೆರಿಗೆ ಇತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು 1784ರಲ್ಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ ಹಾಕಿದರು. ಲೆಕ್ಕ ಎಣಿಕೆಯ ಮೇಲೆ ತಾನೇ? ಹಾಗಾದರೆ ಇಟ್ಟಿಗೆಯನ್ನೇ ದೊಡ್ಡದು ಮಾಡೋಣ ಅಂದರು ಕೆಲವರು. 1803ರಲ್ಲಿ ಸರ್ಕಾರ ದಪ್ಪ ಇಟ್ಟಿಗೆಗೆ ದುಪ್ಪಟ್ಟು ವಸೂಲಿಗೆ ಇಳಿಯಿತು. 1850ರಲ್ಲಿ ಆ ತೆರಿಗೆಯೂ ಹೋಯಿತು.

ಇನ್ನೊಂದು ಮಾತು ನನಗೆ ಆ ಕಿಟಕಿ ಮಾತಿಗಿಂತ ಜಾಸ್ತಿ ಕಿರಿಕಿರಿ: ‘ಹಳೆಯ ಗೋಡೆ ಉಸಿರಾಡುತ್ತೆ.’ ಉಸಿರೂ ಇಲ್ಲ, ಗಿಸಿರೂ ಇಲ್ಲ. ಅಲ್ಲಿ ಓಡಾಡುವುದು ನೀರು.

ಆ ಕಾಲದ ಗೋಡೆಗೆ ಸಿಮೆಂಟ್ ಇಲ್ಲ. ನಮ್ಮ ಹಳೆಯ ಮನೆಗಳ ಹಾಗೆ ಅಲ್ಲೂ ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಮರಳು ಬೆರೆಸಿ ಗೋಡೆಗೆ ಹಾಕಿದ ಮೇಲೆ, ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಎಳೆದುಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆದರೆ ತುಂಬ ಗಟ್ಟಿ ಕಲ್ಲಲ್ಲ, ತುಂಬಾ ಸಣ್ಣ ಸಣ್ಣ ತೂತುಗಳಿರುವ ಮೆತ್ತನೆಯ ಕಲ್ಲು.

ಮಳೆ ಬಂದಾಗ ಇಟ್ಟಿಗೆ ನೀರು ಕುಡಿಯುತ್ತದೆ. ಬಿಸಿಲು, ಗಾಳಿ ಬಂದಾಗ ಆ ನೀರು ಸುಲಭದ ದಾರಿ ಹಿಡಿಯುತ್ತದೆ. ಅದು ಗಾರೆ ತುಂಬಿದ ಸಂದು. ನೀರಿನ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ, ಗಾರೆಯನ್ನು ಪುಡಿ ಮಾಡುತ್ತದೆ. ಮಾಡಲಿ! ಗಾರೆ ಇರುವುದೇ ಅದಕ್ಕೆ. ಮನೆಯ ಫ್ಯೂಸ್ ತಾನು ಸುಟ್ಟು ಟಿವಿ ಉಳಿಸುವುದಿಲ್ಲವೇ, ಹಾಗೆ. ಎಷ್ಟೋ ವರ್ಷಕ್ಕೊಮ್ಮೆ ಸಂದಿಗೆ ಹೊಸ ಗಾರೆ ತುಂಬಿದರೆ ಆಯಿತು.

ಈ ಮನೆಗಳ ಪಾಯವೂ ಆಳವಿಲ್ಲ. ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ, ಚಳಿಗಾಲದಲ್ಲಿ ಉಬ್ಬುತ್ತದೆ. ಗೋಡೆ ಅಲ್ಪಸ್ವಲ್ಪ ಅಲುಗಾಡಿದರೂ ಗಾರೆ ಬಗ್ಗಿಕೊಡುತ್ತದೆ. ಕೂದಲೆಳೆಯಂಥ ಬಿರುಕು ಬಿಟ್ಟರೆ, ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಕೂತು ಮುಚ್ಚುತ್ತದೆ.

1824ರಲ್ಲಿ ಲೀಡ್ಸ್‌ನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. ಇಪ್ಪತ್ತನೇ ಶತಮಾನದಲ್ಲಿ ರಿಪೇರಿಗೆಲ್ಲ ಅದೇ ಬಂತು. ಗಟ್ಟಿಯಾದದ್ದೇ ಒಳ್ಳೆಯದು ಅಂತ ನಂಬಿದ ಮಾಲೀಕರು ಹಳೆಯ ಸಂದಿಗೆ ಸಿಮೆಂಟ್ ಮೆತ್ತಿಸಿದರು. ಆಗ ನೀರಿಗೆ ಸಂದಿಯ ದಾರಿ ಬಂದ್. ಇಟ್ಟಿಗೆಯ ಮುಖದಿಂದಲೇ ಹೊರಬರಬೇಕು. ಉಪ್ಪು ಆ ಮುಖದ ಹಿಂದೆ ಹರಳಾಗಿ ತಳ್ಳುತ್ತದೆ. ಚಳಿಗೆ ನೀರು ಹೆಪ್ಪುಗಟ್ಟಿ ಸುಮಾರು 9% ಹಿಗ್ಗುತ್ತದೆ. ಇಟ್ಟಿಗೆಯ ಸುಟ್ಟ ಚರ್ಮ ಚಕ್ಕೆಯಾಗಿ ಉದುರುತ್ತದೆ. ಒಳಗಿನ ಮೆತ್ತನೆಯ ಮಣ್ಣು ಇನ್ನೂ ಬೇಗ ಸವೆಯುತ್ತದೆ. ಕೊನೆಗೆ ಇಟ್ಟಿಗೆ ಗುಳಿಬಿದ್ದು, ಸಿಮೆಂಟಿನ ಗೆರೆಗಳು ಮಾತ್ರ ಉಬ್ಬಿ ನಿಂತಿರುತ್ತವೆ. ‘ಹಳೆಯ ಇಟ್ಟಿಗೆ, ಹಾಳಾಯ್ತು’ ಅಂತ ಮತ್ತೆ ಸಿಮೆಂಟ್ ಬಳಿಯುತ್ತಾರೆ!

ಈಗ ಬಲ್ಲವರು ಆ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಮೆಲ್ಲಗೆ ಕೆತ್ತಿ ತೆಗೆಯುತ್ತಾರೆ. ಕಟಿಂಗ್ ಮಷಿನ್ ಇಟ್ಟರೆ ಇಟ್ಟಿಗೆಯ ಅಂಚೇ ಹೋಗುತ್ತದೆ. ಹೊಸ ಸುಣ್ಣದ ಗಾರೆ ತುಂಬಿದ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ನಿಧಾನವಾಗಿ ಆರಲು ಬಿಡುತ್ತಾರೆ. ಹಿಮ ಬೀಳುವ ತಿಂಗಳುಗಳಲ್ಲಿ ಈ ಕೆಲಸಕ್ಕೆ ಕೈಹಾಕುವುದಿಲ್ಲ. ಹಸಿ ಗಾರೆಯಲ್ಲಿ ನೀರು ಹೆಪ್ಪುಗಟ್ಟಿದರೆ ಅದು ಹಿಡಿಯುವ ಮೊದಲೇ ಪುಡಿಯಾಗುತ್ತದೆ.