ಕೇಂದ್ರ ಯಾವುದು, ಕೊಂಡಿ ಎಷ್ಟು: ಉತ್ತರ ಕನ್ನಡದ ನಕ್ಷೆಯಲ್ಲಿ ಒಂದು ಲೆಕ್ಕ

ಸುತ್ತಲಿನವರಿಗೆ ಸೇವೆ ಒದಗಿಸುವ ಊರುಗಳು ಎಲ್ಲಿ, ಎಷ್ಟು ದೂರಕ್ಕೊಂದು ಬೆಳೆಯುತ್ತವೆ ಎಂದು ವಿವರಿಸಲು ಜರ್ಮನ್ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಮಂಡಿಸಿದ ಕೇಂದ್ರಸ್ಥಳ ಸಿದ್ಧಾಂತದಲ್ಲಿ ಎರಡು ಪದ ಮುಖ್ಯ. ಒಂದು ಸೇವೆ ನಷ್ಟವಿಲ್ಲದೆ ನಡೆಯಲು ಬೇಕಾದ ಗಿರಾಕಿ 'ಕನಿಷ್ಠ ಬೇಡಿಕೆ'. ಆ ಸೇವೆಗೆ ಜನ ಬರಲು ಒಪ್ಪುವ ದೂರ 'ವ್ಯಾಪ್ತಿ'. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇವು ಅದಲುಬದಲಾಗುತ್ತವೆ, ಜೋಕೆ.

ಊರಿನ ಕಿರಾಣಿ ಅಂಗಡಿಗೆ ಎರಡೂ ಚಿಕ್ಕವು. ಶಿರಸಿಯ ಅಡಿಕೆ ಪೇಟೆಗೆ ಎರಡೂ ದೊಡ್ಡವು. ರಾಶಿ, ಚಾಲಿ, ಬೆಟ್ಟೆ, ಕೋಕಾ ಎಂದು ವಿಂಗಡಿಸಿ ಟೆಂಡರಿಗೆ ಇಡುವುದಾದರೆ ಪ್ರತಿ ನಮೂನೆಯಲ್ಲೂ ಸಾಕಷ್ಟು ಮಾಲು ಇರಬೇಕು. ಇಲ್ಲದಿದ್ದರೆ ಖರೀದಿದಾರ ಬರುವುದಿಲ್ಲ, ಅವನಿಲ್ಲದೆ ದರವೂ ಏಳುವುದಿಲ್ಲ. ಜಿಲ್ಲಾಧಿಕಾರಿ ಕಚೇರಿ ಇರುವುದು ಮಾತ್ರ ಮೂಲೆಯ ಕಾರವಾರದಲ್ಲಿ. ಪ್ರತಿ ಕೇಂದ್ರದ ಸುತ್ತ ಅದರ ಸೇವಾ ಪ್ರದೇಶವೆಂದು ಕ್ರಿಸ್ಟಾಲರ್ ಎಳೆದ ಷಟ್ಕೋನ ಇಲ್ಲಿ ಕೂರದಿರಲು ಕಾರಣ ಸರಳ: ಅವನು ಊಹಿಸಿದ್ದು ಸಮತಟ್ಟು ಬಯಲು, ನಮ್ಮಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ.

ಈಗ ಊರುಗಳನ್ನು ಜೋಡಿಸುವ ರಸ್ತೆಜಾಲ. ಏಳು ಊರು ಬಿಂದುಗಳಾಗಿ ಹಾಕಿ, ಎಂಟು ಗೆರೆ ಎಳೆಯಿರಿ: ಕಾರವಾರ–ಅಂಕೋಲಾ, ಅಂಕೋಲಾ–ಕುಮಟಾ, ಕುಮಟಾ–ಹೊನ್ನಾವರ, ಅಂಕೋಲಾ–ಯಲ್ಲಾಪುರ (ಅರಬೈಲ್ ಘಟ್ಟ), ಕುಮಟಾ–ಶಿರಸಿ (ದೇವಿಮನೆ ಘಟ್ಟ), ಯಲ್ಲಾಪುರ–ಶಿರಸಿ, ಶಿರಸಿ–ಸಿದ್ದಾಪುರ, ಸಿದ್ದಾಪುರ–ಹೊನ್ನಾವರ. ಜಾಲ ಎಷ್ಟು ಹೆಣೆದುಕೊಂಡಿದೆ ಎಂದು ಅಳೆಯುವ ಬೀಟಾ ಸೂಚ್ಯಂಕ ಎಂದರೆ ಗೆರೆ ಭಾಗಿಸು ಬಿಂದು: 8/7 = 1.14. ಒಂದಕ್ಕಿಂತ ಕಡಿಮೆಯಾದರೆ ಜಾಲ ಬರೀ ಕವಲು ಕವಲು, ಸುತ್ತಿ ಬರುವ ದಾರಿ ಇಲ್ಲ.

ಲೆಕ್ಕ ತಾಳೆ ನೋಡಲು ಪ್ರತಿ ಊರಿಗೆ ತಾಗುವ ಗೆರೆ ಎಣಿಸಿ ಕೂಡಿಸಿ. ಗೆರೆಗಳ ಎರಡರಷ್ಟು, ಅಂದರೆ 16 ಬರಬೇಕು. ಅಂಕೋಲಾ, ಕುಮಟಾ, ಶಿರಸಿಗೆ ತಲಾ ಮೂರು, ಕಾರವಾರಕ್ಕೆ ಒಂದೇ.

ಜುಲೈ 2024ರಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತಲ್ಲ, ಆಗ ಅಳಿಸಿಹೋದದ್ದು ಅಂಕೋಲಾ–ಕುಮಟಾ ಗೆರೆ. ಬೀಟಾ 7/7 = 1ಕ್ಕೆ ಇಳಿಯಿತು; ಇಳಿಕೆ ಸಣ್ಣದು ಅನ್ನಿಸುತ್ತದೆ. ಆದರೆ ಒಂದು ಗೆರೆಯ ದಾರಿ ಈ ನಕ್ಷೆಯಲ್ಲಿ ಮೂರಾಯಿತು: ಯಲ್ಲಾಪುರ, ಶಿರಸಿ ಸುತ್ತಿ ಘಟ್ಟ ಹತ್ತಿ ಇಳಿಯಬೇಕು. ಒಳರಸ್ತೆಗಳನ್ನು ಬಿಟ್ಟು ಹೇಳುತ್ತಿದ್ದೇನೆ. ಭಾರೀ ಲಾರಿಗೆ ಅವು ಆಗವು. ಸೂಚ್ಯಂಕ ಒಂದನ್ನೇ ಬರೆದು ನಿಲ್ಲಿಸಿದರೆ ಈ ವಿಷಯ ಜಾರಿಹೋಗುತ್ತದೆ.

ಜಾಲ ಬದಲಾದರೆ ಕೇಂದ್ರವೂ ಕಳೆಗುಂದೀತು. ಧಾರವಾಡ ಕಡೆಯ ಹತ್ತಿ ಹಡಗೇರುತ್ತಿದ್ದ ಕುಮಟಾ ಬಂದರು, 1880ರ ದಶಕದ ನಂತರ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹರಿದಾಗ ಸೊರಗಿತು.

ಕಾರವಾರದ 'ಒಂದು' ಎಂಬ ಎಣಿಕೆಯನ್ನು ಪೂರ್ತಿ ನಂಬಬೇಡಿ. ಗೋವಾ ಗೆರೆಯನ್ನು ನಾವು ಗಡಿಯಲ್ಲೇ ಕತ್ತರಿಸಿದ್ದೇವೆ. ಕೈಗಾ ಮೂಲಕ ಯಲ್ಲಾಪುರಕ್ಕೆ ಹೋಗುವ ದಾರಿ ಸೇರಿಸಿ ಮತ್ತೆ ಮಾಡಿ: 9/7 = 1.29, ಕಾರವಾರಕ್ಕೆ ಎರಡು.