ಮೂವತ್ತು ಲಕ್ಷ ವರ್ಷ ಅಂತ ಎಣಿಸಿದ್ದು ಯಾರು?

ಪ್ರಶ್ನೆ: ಯಾವುದೋ ಧೂಮಕೇತು 30 ಲಕ್ಷ ವರ್ಷಕ್ಕೊಮ್ಮೆ ಬರುತ್ತೆ ಅಂತಾರೆ. ಹಿಂದಿನ ಸಲ ಬಂದಾಗ ನೋಡಿದವರೇ ಇಲ್ವಲ್ಲ, ಮತ್ತೆ ಈ ಲೆಕ್ಕ ಎಲ್ಲಿಂದ ಬಂತು?

ನೋಡಿದವರಿಲ್ಲ, ನಿಜ. ಆದರೆ ಅದು ಮತ್ತೆ ಬರಲಿ ಅಂತ ಕಾಯಬೇಕಾಗಿಯೂ ಇಲ್ಲ. ಈಗ ಎಲ್ಲಿದೆ, ಎಷ್ಟು ವೇಗದಲ್ಲಿ ಎತ್ತ ಹೊರಟಿದೆ ಅನ್ನುವುದು ಗೊತ್ತಾದರೆ ಸಾಕು. ಮಿಕ್ಕಿದ್ದು ಸೂರ್ಯನ ಸೆಳೆತದ ಲೆಕ್ಕ.

ನೀವು ಕೇಳಿರುವುದು ಬಹುಶಃ ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೀನ್ ಧೂಮಕೇತುವಿನ ಬಗ್ಗೆ. ಚಿಲಿ ದೇಶದ ಸೆರೊ ಟೊಲೊಲೊದಲ್ಲಿರುವ ಟೆಲಿಸ್ಕೋಪ್ 2014ರ ಅಕ್ಟೋಬರ್‌ನಲ್ಲೇ ಅದರ ಫೋಟೋ ತೆಗೆದಿತ್ತು. ಆಗ ಅದು ಸೂರ್ಯನಿಂದ ಭೂಮಿಗಿರುವ ದೂರದ 29 ಪಟ್ಟು ಆಚೆ, ಹತ್ತತ್ತಿರ ನೆಪ್ಚೂನ್‌ನಷ್ಟು ದೂರದಲ್ಲಿತ್ತು. ಸುದ್ದಿಯಾಗಿದ್ದು ಮಾತ್ರ 2021ರಲ್ಲಿ.

ಫೋಟೋದಲ್ಲಿ ಸಿಗುವುದು ದಿಕ್ಕು ಅಷ್ಟೇ, ದೂರ ಅಲ್ಲ. ಕೈ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಬೆರಳು ಎದುರಿನ ಗೋಡೆಯ ಮೇಲೆ ಜಿಗಿದ ಹಾಗೆ ಕಾಣುತ್ತದೆ, ಅಲ್ವಾ? ಮೂಗಿನ ಹತ್ತಿರ ತಂದರೆ ಜಿಗಿತ ಇನ್ನೂ ಜಾಸ್ತಿ. ಭೂಮಿ ಆರು ತಿಂಗಳಲ್ಲಿ ಸೂರ್ಯನ ಆ ಬದಿಯಿಂದ ಈ ಬದಿಗೆ ಬರುತ್ತದೆ. ಅಂದರೆ ನಮ್ಮ ಎರಡು ಕಣ್ಣುಗಳ ನಡುವೆ 30 ಕೋಟಿ ಕಿ.ಮೀ.! ಹಾಗಾಗಿ ಧೂಮಕೇತು ನಕ್ಷತ್ರಗಳ ನಡುವೆ ವರ್ಷವಿಡೀ ಅತ್ತಿತ್ತ ಓಲಾಡುತ್ತದೆ. ಆ ಓಲಾಟದಿಂದ ದೂರ ಗೊತ್ತಾಗುತ್ತದೆ. ಅದನ್ನು ಕಳೆದ ಮೇಲೆ ಉಳಿಯುವ ಚೂರು ಚಲನೆ ಧೂಮಕೇತುವಿನದೇ.

ತಲೆನೋವು ಶುರುವಾಗುವುದು ಇಲ್ಲಿ. ಅಷ್ಟು ದೂರದಲ್ಲಿ ಸೂರ್ಯನ ಹಿಡಿತ ತಪ್ಪಿಸಿಕೊಂಡು ಹೋಗಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಸಾಕು. ಈ ಧೂಮಕೇತುವಿನ ವೇಗ ಅದಕ್ಕಿಂತ ಎಷ್ಟು ಕಮ್ಮಿ? ಕೂತು ಲೆಕ್ಕ ಹಾಕಿದೆ: ಸೆಕೆಂಡಿಗೆ ಬರೀ 3 ಮೀಟರ್, ಅದೂ ಪೂರ್ತಿ ಇಲ್ಲ. ಪಾರ್ಕಿನಲ್ಲಿ ಜಾಗಿಂಗ್ ಮಾಡುವವರ ವೇಗ. ಈ ಕೊರತೆ ಕಮ್ಮಿಯಾದಷ್ಟೂ ಧೂಮಕೇತು ಹೆಚ್ಚು ದೂರ ಹೋಗುತ್ತದೆ, ತಿರುಗಿ ಬರಲು ಹೆಚ್ಚು ಕಾಲ ಹಿಡಿಯುತ್ತದೆ. 30 ಲಕ್ಷ ವರ್ಷ ಅನ್ನುವ ಅಂಕಿ ನಿಂತಿರುವುದೇ ಇದರ ಮೇಲೆ. ಅಳತೆಯಲ್ಲಿ ಸೆಕೆಂಡಿಗೆ 1 ಮೀಟರ್ ಅತ್ತಿತ್ತ ಆದರೆ ಆ 30 ಲಕ್ಷ ಸುಮಾರು 19 ಲಕ್ಷಕ್ಕೆ ಇಳಿದೀತು, ಸುಮಾರು 60 ಲಕ್ಷಕ್ಕೂ ಏರೀತು.

ಅದಕ್ಕೇ ಹಳೇ ಫೋಟೋಗಳಿಗೆ ಅಷ್ಟು ಬೆಲೆ. ಹುಡುಕಿದಾಗ 2010ರಲ್ಲಿ ಬೇರೊಂದು ಟೆಲಿಸ್ಕೋಪ್ ತೆಗೆದ ಚಿತ್ರದಲ್ಲೂ ಇದು ಸಿಕ್ಕಿತು. ಒಂದೇ ವಾರದಲ್ಲಿ ತೆಗೆದ ನೂರು ಫೋಟೋಗಿಂತ ನಾಲ್ಕು ವರ್ಷ ಹಿಂದಿನ ಒಂದು ಚುಕ್ಕೆ ಕಕ್ಷೆಯನ್ನು ಬಿಗಿಯಾಗಿ ಕಟ್ಟಿಹಾಕುತ್ತದೆ. (ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದ ವೈನು ಬಾಪು ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1949ರಲ್ಲಿ, ಒಂದು ಧೂಮಕೇತು ಕಂಡುಹಿಡಿದಿದ್ದರು. ಅದು ಮತ್ತೆ ಬರಲು 60,000 ವರ್ಷ ಬೇಕು ಅಂತ ಲೆಕ್ಕ ಹಾಕಿದ್ದೂ ಕಂಪ್ಯೂಟರ್ ಕಾಲಕ್ಕೆ ಮೊದಲೇ.)

ಇನ್ನೊಂದು ಮಾತು. 30 ಲಕ್ಷ ಬಂದ ದಾರಿಯ ಲೆಕ್ಕ. ಗುರು, ಶನಿ ಮುಂತಾದ ಗ್ರಹಗಳು ಎಳೆದಾಡುವುದರಿಂದ, ಹೋಗುವ ಸುತ್ತಿಗೆ ಸುಮಾರು 45 ಲಕ್ಷ ವರ್ಷ ಹಿಡಿಯುತ್ತದಂತೆ. ಆದರೆ ಸೂರ್ಯನಿಗೆ ತೀರಾ ಹತ್ತಿರ ಬರುವುದು ಯಾವಾಗ ಅಂತ ಕೇಳಿದರೆ ಯಾರೂ ತಡವರಿಸುವುದಿಲ್ಲ: 2031ರ ಜನವರಿ, ಶನಿಯ ಕಕ್ಷೆಯಿಂದ ತುಸು ಆಚೆ. ಬರಿಗಣ್ಣಿಗೆ ಕಾಣುವುದಿಲ್ಲ, ಟೆಲಿಸ್ಕೋಪ್ ಬೇಕೇ ಬೇಕು.