‘ಚೈನಾಟೌನ್’ ಹಿಂದಿನ ನೀರಿನ ಜಗಳ: ಪತ್ತೇದಾರನೇ ಬೇಕಿರಲಿಲ್ಲ

1974ರ ಹಾಲಿವುಡ್ ಸಿನಿಮಾ ‘ಚೈನಾಟೌನ್’ ನೋಡಿ ಮುಗಿಸಿದವರು ಕೇಳುವ ಮೊದಲ ಪ್ರಶ್ನೆ: ಇದೆಲ್ಲ ನಡೆದದ್ದಾ? ಅರ್ಧ ನಡೆದದ್ದೇ. ಆದರೆ ಯಾವ ಅರ್ಧ ಅನ್ನೋದೇ ಗೋಜಲು.

ಸಿನಿಮಾ ನಡೆಯುವುದು 1937ರ ಲಾಸ್ ಏಂಜಲೀಸ್‌ನಲ್ಲಿ. ಊರಿಗೆ ಬರ. ಜಾಕ್ ನಿಕೋಲ್ಸನ್ ಮಾಡಿರುವ ಗಿಟ್ಟಿಸ್, ಗಂಡ ಹೆಂಡಿರ ಗುಟ್ಟು ಹುಡುಕಿ ಹೊಟ್ಟೆ ಹೊರೆಯುವ ಖಾಸಗಿ ಪತ್ತೇದಾರ. ನೀರಿನ ಇಲಾಖೆಯ ಮುಖ್ಯ ಎಂಜಿನಿಯರ್ ಸಾಯುತ್ತಾನೆ, ಇವನು ಬೆನ್ನು ಹತ್ತುತ್ತಾನೆ. ರಾತ್ರಿ ಹೊತ್ತು ಯಾರೋ ನೀರನ್ನು ಸುಮ್ನೆ ಸಮುದ್ರಕ್ಕೆ ಬಿಡುತ್ತಿದ್ದಾರೆ. ದಾಖಲೆ ಕಚೇರಿಯಲ್ಲಿ ಅವನು ಜೋರಾಗಿ ಕೆಮ್ಮಿ, ಆ ಸದ್ದಿನಲ್ಲೇ ರಿಜಿಸ್ಟರಿನ ಹಾಳೆ ಹರಿದುಕೊಳ್ಳುತ್ತಾನೆ. ನೋಡಿದರೆ, ಒಣಗಿದ ಕಣಿವೆಯ ಜಮೀನು ವೃದ್ಧಾಶ್ರಮದ ಅಜ್ಜ ಅಜ್ಜಿಯರ ಹೆಸರಲ್ಲಿದೆ. ಅವರಿಗೆ ಅದರ ಸುಳಿವೇ ಇಲ್ಲ. ಒಬ್ಬನಂತೂ ಸತ್ತು ಒಂದು ವಾರದ ಮೇಲೆ ಜಮೀನು ಕೊಂಡಿದ್ದಾನೆ!

ನಿಜದ ಕತೆ ಇದಕ್ಕಿಂತ ಮೂವತ್ತು ವರ್ಷ ಹಿಂದಿನದು. 1900ರಲ್ಲಿ ಲಾಸ್ ಏಂಜಲೀಸ್‌ನ ಜನಸಂಖ್ಯೆ ಸುಮಾರು 1 ಲಕ್ಷ. ಊರ ಹೊಳೆ ಸಾಲುತ್ತಿರಲಿಲ್ಲ. ಮಾಜಿ ಮೇಯರ್ ಫ್ರೆಡ್ ಈಟನ್ ಮತ್ತು ಎಂಜಿನಿಯರ್ ವಿಲಿಯಂ ಮುಲ್‌ಹಾಲೆಂಡ್ ಅವರ ಕಣ್ಣು ಸಿಯೆರಾ ನೆವಾಡಾ ಬೆಟ್ಟಗಳ ಆಚೆ ಇದ್ದ ಓವೆನ್ಸ್ ಕಣಿವೆಯ ಮೇಲೆ ಬಿತ್ತು. ಈಟನ್ ಅಲ್ಲಿನ ಜಮೀನು, ನೀರಿನ ಹಕ್ಕು ಕೊಳ್ಳುತ್ತಾ ಹೋದರು. ಇದು ಕೇಂದ್ರ ಸರ್ಕಾರದ ನೀರಾವರಿ ಯೋಜನೆಗೇ ಇರಬೇಕು ಅಂತ ಅನೇಕ ರೈತರು ನಂಬಿದ್ದರು. ನೀರು ಹೋಗುವುದು ಲಾಸ್ ಏಂಜಲೀಸ್‌ಗೆ ಅನ್ನುವ ಗುಟ್ಟು 1905ರಲ್ಲಿ ರಟ್ಟಾಯಿತು.

ಸಿನಿಮಾ ನೋಡಿದವರಿಗೆ ಗೊತ್ತಿಲ್ಲದ ವಿಷಯ ಇಲ್ಲಿದೆ. ನೀರು ಬಂದು ಸೇರಲಿದ್ದ, ನಗರದ ಪಕ್ಕದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಪತ್ರಿಕೆ ಮಾಲೀಕರು, ರೈಲು ಕಂಪನಿಯ ದೊಡ್ಡವರು ಮೊದಲೇ ಜಮೀನು ಹಿಡಿದಿದ್ದರು. ಇದನ್ನು ಯಾವ ಪತ್ತೇದಾರನೂ ಹೊರಗೆಳೆಯಲಿಲ್ಲ. ಅದೇ ವರ್ಷ ಎದುರಾಳಿ ಪತ್ರಿಕೆಯೊಂದು ಹೆಸರು ಸಮೇತ ಅಚ್ಚು ಹಾಕಿತು. ಜನ ಓದಿದರು. ಕೆಲವೇ ದಿನಗಳಲ್ಲಿ ನಾಲೆ ಯೋಜನೆಯ ಸಾಲಕ್ಕೆ ನಗರದಲ್ಲಿ ಮತದಾನ ನಡೆಯಿತು. ಭಾರಿ ಬಹುಮತದಿಂದ ಪಾಸಾಯಿತು! ನೀರನ್ನು ಬೇಕಂತಲೇ ಸಮುದ್ರಕ್ಕೆ ಬಿಟ್ಟರು ಅನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಬಿಡಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ.

1913ರ ನವೆಂಬರ್ 5ರಂದು ಸುಮಾರು 375 ಕಿಲೋಮೀಟರ್ ಉದ್ದದ ನಾಲೆಯಲ್ಲಿ ನೀರು ಬಂತು. ಎಲ್ಲೂ ಪಂಪ್ ಇಲ್ಲ, ಬರೀ ಇಳಿಜಾರಿನ ಬಲ. “ಅಗೋ ಅಲ್ಲಿದೆ, ತಗೊಳ್ಳಿ” ಎಂದರು ಮುಲ್‌ಹಾಲೆಂಡ್. 1915ರಲ್ಲಿ ಸ್ಯಾನ್ ಫರ್ನಾಂಡೊ ಕಣಿವೆಯ ಬಹುಪಾಲು ನಗರಕ್ಕೆ ಸೇರಿತು. ಅಲ್ಲಿನ ಜಮೀನಿನ ಬೆಲೆ ಏನಾಯಿತು ಅಂತ ಬೇರೆ ಹೇಳಬೇಕಾ?

ಜಗಳ ನಿಜಕ್ಕೂ ಕಾವೇರಿದ್ದು 1920ರ ದಶಕದಲ್ಲಿ. ಸಿನಿಮಾದಲ್ಲಿ ಇದರ ನೆರಳಷ್ಟೇ ಇದೆ. ಮಳೆ ಕೈಕೊಟ್ಟಿತು, ನಗರ ಮತ್ತಷ್ಟು ಜಮೀನು ಕೊಳ್ಳಲು ಓವೆನ್ಸ್ ಕಣಿವೆಗೆ ಬಂತು. ಒಂದೇ ಕಾಲುವೆಯ ಮೇಲೆ ಇವನ ಹೊಲ ಕೊಂಡು, ಪಕ್ಕದವನದು ಬಿಟ್ಟು, ಆಚೆಯವನದು ಕೊಂಡರೆ ಉಳಿದವನು ಎಷ್ಟು ದಿನ ತಾಳುತ್ತಾನೆ? ಮಾರದವನಿಗೆ ಮಾರಿದವನ ಮೇಲೆ ಸಿಟ್ಟು. ಊರೊಳಗೇ ಒಡಕು. 1924ರ ಮೇ ತಿಂಗಳಲ್ಲಿ ನಾಲೆಗೆ ಮೊದಲ ಡೈನಮೈಟ್ ಬಿತ್ತು.

ನವೆಂಬರ್ 16ರಂದು ಕಣಿವೆಯ ಹತ್ತಾರು ಜನ ಹೋಗಿ, ನಾಲೆಯ ನೀರು ಹೊರಬಿಡುವ ಅಲಬಾಮಾ ಗೇಟುಗಳನ್ನು ಹಿಡಿದು, ನೀರನ್ನು ತಿರುಗಿಸಿ ಓವೆನ್ಸ್ ನದಿಗೇ ಬಿಟ್ಟರು. ನಾಲ್ಕು ದಿನ ಅದು ಧರಣಿಯೋ ಜಾತ್ರೆಯೋ ಗೊತ್ತಾಗದಂತಿತ್ತು. ಹೆಂಗಸರು, ಮಕ್ಕಳು ಬಂದರು. ಅಂಗಡಿಗಳು ಬಾಗಿಲು ಹಾಕಿದವು. ಅಲ್ಲೇ ಮಾಂಸ ಸುಟ್ಟು ಊಟ. ಹತ್ತಿರದಲ್ಲೇ ಶೂಟಿಂಗ್ ಮಾಡುತ್ತಿದ್ದ ಕೌಬಾಯ್ ನಟ ಟಾಮ್ ಮಿಕ್ಸ್ ತಮ್ಮ ವಾದ್ಯದವರನ್ನು ಕಳಿಸಿದರು. ನಾಲ್ಕು ದಿನವಾದ ಮೇಲೆ ಜನ ಚದುರಿದರು, ನೀರು ಮತ್ತೆ ದಕ್ಷಿಣಕ್ಕೆ ಹರಿಯಿತು. ಹೋರಾಟದ ಮುಂದಾಳುಗಳೇ ಊರಿನ ಬ್ಯಾಂಕ್ ನಡೆಸುತ್ತಿದ್ದರು. 1927ರಲ್ಲಿ ಆ ಬ್ಯಾಂಕ್ ಮುಳುಗಿತು. ಅವರು ಹಣ ದುರುಪಯೋಗದ ಕೇಸಿನಲ್ಲಿ ಜೈಲಿಗೆ ಹೋದರು, ಜನರ ಉಳಿತಾಯವೂ ಹೋಯಿತು. ಚಳವಳಿ ಅಲ್ಲಿಗೆ ಮುಗಿಯಿತು. ಮರುವರ್ಷ ಮಾರ್ಚ್ 12ರ ರಾತ್ರಿ ಮುಲ್‌ಹಾಲೆಂಡ್ ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಒಡೆದ ಅಣೆಕಟ್ಟಿನ ಮಾತು ಸಿನಿಮಾದಲ್ಲಿ ಬರುತ್ತದಲ್ಲ, ಅದರ ಮೂಲ ಇದು.

ಮುಂದಿನದು ಚುಟುಕಾಗಿ: 1941ರಿಂದ ಇನ್ನೂ ಉತ್ತರದ ಮೋನೋ ಸರೋವರಕ್ಕೆ ಸೇರುತ್ತಿದ್ದ ಹೊಳೆಗಳೂ ನಗರಕ್ಕೆ, 1970ಕ್ಕೆ ಎರಡನೇ ನಾಲೆ, 1972ಕ್ಕೆ ಓವೆನ್ಸ್ ಕಣಿವೆಯ ಇನ್ಯೋ ಕೌಂಟಿಯಿಂದ (ನಮ್ಮ ಜಿಲ್ಲೆಯ ಹಾಗೆ) ನಗರದ ಮೇಲೆ ಮೊಕದ್ದಮೆ. ಸಿನಿಮಾ ತೆರೆಗೆ ಬಂದಾಗ ಕೇಸು ನಡೆಯುತ್ತಲೇ ಇತ್ತು. ಚಿತ್ರಕತೆಗೆ ರಾಬರ್ಟ್ ಟೌನ್ ಆಸ್ಕರ್ ಪಡೆದರು. ಜನ ಮಾತ್ರ ಕಟ್ಟುಕತೆಯನ್ನೇ ಚರಿತ್ರೆ ಅಂದುಕೊಂಡರು. ಸಿನಿಮಾದ ಖಳನಂಥ ಒಬ್ಬ ಕೆಟ್ಟ ಮುದುಕನ ಮೇಲೆ ಎಲ್ಲ ಹೊರಿಸಿದರೆ ಸಲೀಸು, ಅಲ್ವಾ? ಮತ ಹಾಕಿದವರು, ಜಮೀನು ಮಾರಿದವರು, ನಲ್ಲಿ ತಿರುಗಿಸಿದವರು ಆ ಕತೆಯಲ್ಲಿ ಇಲ್ಲ.

ನೀರು ಹೋದ ಮೇಲೆ, ಓವೆನ್ಸ್ ನದಿ ಹೋಗಿ ಸೇರುತ್ತಿದ್ದ ಓವೆನ್ಸ್ ಕೆರೆ ಬತ್ತಿ ಬರೀ ಉಪ್ಪು, ಧೂಳು ಉಳಿಯಿತು. ಅಮೆರಿಕದಲ್ಲೇ ಅತಿ ಹೆಚ್ಚು ಧೂಳೇಳುವ ಜಾಗ ಅನ್ನಿಸಿಕೊಂಡಿತು. 2001ರಿಂದ ನಗರ ಅಲ್ಲಿ ಜಲ್ಲಿ ಹಾಸುತ್ತಿದೆ, ನೀರು ಹಾಯಿಸುತ್ತಿದೆ. 2006ರಲ್ಲಿ ನದಿಯ ಕೆಳಭಾಗಕ್ಕೂ ಒಂದಿಷ್ಟು ನೀರು ಬಿಟ್ಟಿತು. ಧೂಳು ಅಡಗಿಸುವ ಖರ್ಚೆಲ್ಲ ಬರುವುದು ಲಾಸ್ ಏಂಜಲೀಸ್ ಜನರ ಬಿಲ್ಲಿನಿಂದಲೇ.

ರೈತರಿಗೂ ಮೊದಲು ಆ ಕಣಿವೆಯಲ್ಲಿ ಕಾಲುವೆ ತೋಡಿದ್ದವರು ಪಾಯೂಟ್ ಬುಡಕಟ್ಟಿನವರು. 1930ರ ದಶಕದ ಕೊನೆಯಲ್ಲಿ ಅವರ ಜಮೀನು ನಗರಕ್ಕೆ ಹೋಗಿ, ಬದಲಿಗೆ ಬೇರೆ ಜಮೀನು ಸಿಕ್ಕಿತು. ನೀರಿನ ಹಕ್ಕನ್ನು ಮಾತ್ರ ಆ ಒಪ್ಪಂದದಿಂದ ಹೊರಗಿಟ್ಟರು. ಅದನ್ನು ಅವರು ಇವತ್ತಿಗೂ ಕೇಳುತ್ತಿದ್ದಾರೆ.